ವ್ಯಾಕರಣ ಕಲಿಯದ ತಲೆಮಾರಿನ ಕೈಗೆ ವ್ಯಾಕರಣ ಪಾಠ

ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಾಲೆ ಮುಗಿಸುವ ಹನ್ನೊಂದರ ಮಕ್ಕಳು 2013ರಿಂದ ವ್ಯಾಕರಣ, ಲೇಖನಚಿಹ್ನೆ, ಕಾಗುಣಿತಕ್ಕೆಂದೇ ಪ್ರತ್ಯೇಕ ಪರೀಕ್ಷೆ ಬರೆಯುತ್ತಿದ್ದಾರೆ. ಸಂಧಿ-ಸಮಾಸ ಉರುಹೊಡೆದು ಬೆಳೆದ ನಮಗೆ ಇದರಲ್ಲೇನು ವಿಶೇಷ ಅನ್ನಿಸೀತು. ಅಲ್ಲಿ ಮಾತ್ರ ದೊಡ್ಡ ಗಲಾಟೆಯೇ ಆಯಿತು. ವಾಕ್ಯ ಬಿಡಿಸುವ ಕಸರತ್ತಿನಿಂದ ಬರವಣಿಗೆ ಸುಧಾರಿಸದು ಎಂಬ ನಂಬಿಕೆಯಲ್ಲಿ 1960ರ ದಶಕದಿಂದಲೇ ಬಹುತೇಕ ಶಾಲೆಗಳು ವ್ಯಾಕರಣವನ್ನು ಕೈಬಿಟ್ಟಿದ್ದವು. 1998ರ ಸಾಕ್ಷರತಾ ಯೋಜನೆ ಅದನ್ನು ಹಿತಮಿತವಾಗಿ ವಾಪಸು ತಂದಿತು. 2014ರ ಪಠ್ಯಕ್ರಮ 'ಫ್ರಂಟೆಡ್ ಅಡ್ವರ್ಬಿಯಲ್' (ವಾಕ್ಯದ ಆರಂಭಕ್ಕೆ ತಂದ ಕ್ರಿಯಾವಿಶೇಷಣ ಪದಗುಚ್ಛ) ಎಂಬಂಥ ಪರಿಭಾಷೆಗಳನ್ನೂ ಹೊತ್ತು ತಂದಿತು. 2016ರಲ್ಲಿ ಶಾಲಾ ಸಚಿವ ನಿಕ್ ಗಿಬ್ ಅವರೇ ಬಿಬಿಸಿ ರೇಡಿಯೊದಲ್ಲಿ ಇಂಥದೊಂದು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರು. ಅವರನ್ನು ನೋಡಿ ನಕ್ಕ ತಂದೆತಾಯಿಗಳಿಗೂ ಸರಿಯುತ್ತರ ಗೊತ್ತಿತ್ತೋ ಇಲ್ಲವೋ!

ಇದೇ ಅವಧಿಯಲ್ಲಿ ತರಗತಿಗೆ ಇನ್ನೊಬ್ಬರ ಪ್ರವೇಶವಾಯಿತು. ಶಿಕ್ಷಕರ ಹೊರೆ ಇಳಿಸಲು 2003ರಲ್ಲಿ ಆದ ಒಪ್ಪಂದದ ಬಳಿಕ ಟೀಚಿಂಗ್ ಅಸಿಸ್ಟೆಂಟ್‌ಗಳ, ಅಂದರೆ ತರಗತಿಯಲ್ಲಿ ಶಿಕ್ಷಕರಿಗೆ ನೆರವಾಗುವ ಸಹಾಯಕರ ನೇಮಕ ಭರದಿಂದ ಸಾಗಿತು. 2000ದಲ್ಲಿ ಸುಮಾರು 80 ಸಾವಿರವಿದ್ದ ಅವರ ಸಂಖ್ಯೆ ಹನ್ನೆರಡೇ ವರ್ಷಗಳಲ್ಲಿ ಎರಡು ಲಕ್ಷ ದಾಟಿತು. ಇವರನ್ನು ಕೂರಿಸಿದ್ದು ಹೆಚ್ಚಾಗಿ ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಪಕ್ಕ.

2009ರಲ್ಲಿ ಶಿಕ್ಷಣ ಸಂಶೋಧಕ ಪೀಟರ್ ಬ್ಲಾಚ್‌ಫರ್ಡ್ ತಂಡದ ಅಧ್ಯಯನ ಹೊರಬಿದ್ದಾಗ ಎಲ್ಲರೂ ಬೆಚ್ಚಿದರು. ಸಹಾಯಕರ ನೆರವು ಹೆಚ್ಚು ಪಡೆದ ಮಕ್ಕಳೇ, ಅಂಥದೇ ಮಟ್ಟದ ಇತರರಿಗಿಂತ ಕಡಿಮೆ ಪ್ರಗತಿ ತೋರಿದ್ದರು. ತಪ್ಪು ಸಹಾಯಕರದಲ್ಲ. ಮುಂಚಿತವಾಗಿ ಏನನ್ನೂ ಹೇಳದೆ ಕೂರಿಸಿದರೆ ಯಾರಾದರೂ ಹಾಳೆ ತುಂಬಿಸುವುದಕ್ಕೇ ಗಮನ ಕೊಡುತ್ತಾರೆ, ಉತ್ತರ ಹೇಳಿಕೊಟ್ಟುಬಿಡುತ್ತಾರೆ. ಮಗುವಿಗೆ ಶಿಕ್ಷಕರ ಪಾಠವೂ ತಪ್ಪುತ್ತದೆ.

ನನ್ನ ಮಟ್ಟಿಗೆ, ಬೇರೆ ಬೇರೆ ಕಡತಗಳಲ್ಲಿ ಹುಟ್ಟಿದ ಈ ಎರಡು ನೀತಿಗಳು ಡಿಕ್ಕಿ ಹೊಡೆದದ್ದು ಇಲ್ಲಿಯೇ. ಶಾಲೆಯಲ್ಲಿ ವ್ಯಾಕರಣವನ್ನೇ ಕಾಣದ ತಲೆಮಾರಿನ ಸಹಾಯಕರು, ವ್ಯಾಕರಣ ಅತ್ಯಂತ ಕಷ್ಟವೆನಿಸುವ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಯಿತು. ಡೆಬ್ರಾ ಮೈಹಿಲ್ ಅವರ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ ಹದಿಹರೆಯದವರ ತರಗತಿಗಳಲ್ಲಿ ಬರವಣಿಗೆಯ ಜೊತೆಗೇ ವ್ಯಾಕರಣ ಕಲಿಸಿ ನೋಡಿತ್ತು. ಫಲ ಸಿಕ್ಕಿತು, ಆದರೆ ಚೆನ್ನಾಗಿ ಬರೆಯುವವರಿಗೇ ಹೆಚ್ಚು. ಕಲಿಸುವವರಿಗೆ ವ್ಯಾಕರಣ ಎಷ್ಟು ಗೊತ್ತಿದೆ ಎಂಬುದೂ ಫಲಿತಾಂಶವನ್ನು ಏರುಪೇರು ಮಾಡಿತು.

ಶಿಕ್ಷಣ ಸಂಶೋಧನೆಗೆ ನೆರವಾಗುವ ಇಇಎಫ್ (ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್) ಸಂಸ್ಥೆಯ 2015ರ ಮಾರ್ಗದರ್ಶಿ ಈ ಕ್ರಮವನ್ನೇ ತಿರುವುಹಾಕಿತು: ಸಹಾಯಕರು ಶಿಕ್ಷಕರ ಪಾಠಕ್ಕೆ ಪೂರಕವಾಗಿರಲಿ, ಬದಲಿಯಾಗುವುದು ಬೇಡ. ಅವರು ಉಳಿದ ತರಗತಿಯನ್ನು ನೋಡಿಕೊಂಡರೆ, ಎಡವುತ್ತಿರುವ ನಾಲ್ಕು ಮಕ್ಕಳ ಪಕ್ಕ ಶಿಕ್ಷಕರೇ ಕೂರಬಹುದು. ಅದಕ್ಕೆ ಮೊದಲು ಇಬ್ಬರೂ ಕೂತು ನಾಳೆಯ ಪಾಠವನ್ನು ಚರ್ಚಿಸಬೇಕು. ಆದರೆ ಹಲವು ಸಹಾಯಕರ ಸಂಬಳದ ಗಂಟೆ ಶುರುವಾಗುವುದೇ ಮಕ್ಕಳು ಒಳಬಂದ ಮೇಲೆ.