ಸುಜುಕಿ ಕ್ಯಾಪುಚಿನೊ: 64 ಪಿಎಸ್ ಎಷ್ಟು ಆರ್‌ಪಿಎಂನಲ್ಲಿ, ಬೂಸ್ಟ್ ಯಾವುದರ ಮೇಲೆ, ಛಾವಣಿ ಹೋದರೆ ಬಲ ಎಲ್ಲಿ

ಜಪಾನಿನ ಕೇ ವರ್ಗದ (ಅತಿ ಸಣ್ಣ) ಕಾರುಗಳಿಗೆ 1990ರಲ್ಲಿ ಬಂದ ಮಿತಿ: ಎಂಜಿನ್ 660 ಸಿಸಿ, ಉದ್ದ 3.3 ಮೀಟರ್, ಅಗಲ 1.4 ಮೀಟರ್. ಇದರ ಜೊತೆಗೆ 64 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ದಾಟಬಾರದೆಂದು ಕಂಪನಿಗಳು ತಾವಾಗಿಯೇ ಒಪ್ಪಿಕೊಂಡಿದ್ದವು. 1991ರ ಕ್ಯಾಪುಚಿನೊ ಈ ಚೌಕಟ್ಟನ್ನು ಅಂಚಿನವರೆಗೂ ಬಳಸಿಕೊಂಡಿತು. ಉದ್ದ 3,295 ಮಿಮೀ, ಅಗಲ 1,395 ಮಿಮೀ, ಎರಡೇ ಸೀಟು, ತೂಕ ಸುಮಾರು 700 ಕಿಲೊ. ಎಂಜಿನ್ ಮುಂದೆ, ಉದ್ದುದ್ದಕ್ಕೆ ಕೂತಿದೆ. ಎಳೆತ ಹಿಂದಿನ ಚಕ್ರಗಳಿಗೆ. ನಾಲ್ಕೂ ಕಡೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ನಾಲ್ಕೂ ಕಡೆ ಡಿಸ್ಕ್ ಬ್ರೇಕ್. ಮುಂದೆ ಹಿಂದೆ ತೂಕ ಹೆಚ್ಚುಕಡಿಮೆ ಸಮ.

ಎಂಜಿನ್ ಹೆಸರು ಎಫ್6ಎ. ಮಾರುತಿ 800ರ ಎಫ್8ಬಿ ಬಿಚ್ಚಿ ನೋಡಿದವರಿಗೆ ಇದು ಅದೇ ಮನೆತನದ ಕೂಸು. ಅಲ್ಲಿ ಬೋರ್ 68.5, ಸ್ಟ್ರೋಕ್ 72 ಮಿಮೀ; ಇಲ್ಲಿ 65 ಮತ್ತು 66. ಮೂರು ಸಿಲಿಂಡರ್ ಎರಡರಲ್ಲೂ ಇವೆ. ಆದರೆ ಇಲ್ಲಿ ಎರಡು ಕ್ಯಾಮ್‌ಶಾಫ್ಟ್, 12 ವಾಲ್ವ್, ಟರ್ಬೊ (ಎಂಜಿನ್ ಹೊಗೆಯ ರಭಸದಿಂದ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರ್), ಇಂಟರ್‌ಕೂಲರ್. 1995ರಲ್ಲಿ ಇದರ ಜಾಗಕ್ಕೆ ಪೂರ್ತಿ ಅಲ್ಯೂಮಿನಿಯಂನ ಕೆ6ಎ ಬಂತು. ಎಫ್6ಎಗೆ ಟೈಮಿಂಗ್ ಬೆಲ್ಟ್, ಕೆ6ಎಗೆ ಚೈನ್. ಬಿಡಿಭಾಗ ತರಿಸುವ ಮೊದಲು ಯಾವ ಎಂಜಿನ್ ಎಂದು ನೋಡಿಕೊಳ್ಳಿ.

ಎರಡು ಕಾರು, ಎರಡಕ್ಕೂ 64 ಪಿಎಸ್

ಅದೇ ಕಾಲದ ಹೋಂಡಾ ಬೀಟ್‌ಗೂ 64 ಪಿಎಸ್, ಅದು 656 ಸಿಸಿ, ಟರ್ಬೊ ಇಲ್ಲ. ಹಾಗಾದರೆ ಟರ್ಬೊ ಕೊಟ್ಟದ್ದೇನು? ಗರಿಷ್ಠ ಶಕ್ತಿಯ ಅಂಕಿಯನ್ನೇ ನೋಡುತ್ತಿದ್ದರೆ ಉತ್ತರ ಸಿಗದು, ಅದು ಎಷ್ಟು ಆರ್‌ಪಿಎಂನಲ್ಲಿ ಎಂದು ನೋಡಬೇಕು. ಬೀಟ್‌ನ ಗರಿಷ್ಠ ಶಕ್ತಿ 8,100 ಆರ್‌ಪಿಎಂನಲ್ಲಿ, ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 60 ನ್ಯೂಟನ್ ಮೀಟರ್, 7,000ದಲ್ಲಿ. ಎಫ್6ಎಯ ಗರಿಷ್ಠ ಶಕ್ತಿ 6,500ರಲ್ಲಿ, ಟಾರ್ಕ್ 85 ನ್ಯೂಟನ್ ಮೀಟರ್, 4,000ದಲ್ಲಿ.

ಈಗ ಎರಡನ್ನೂ 4,000 ಆರ್‌ಪಿಎಂಗೆ ತನ್ನಿ. ಶಕ್ತಿ = ಟಾರ್ಕ್ × ಕೋನೀಯ ವೇಗ. 4,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 419 ರೇಡಿಯನ್. ಕ್ಯಾಪುಚಿನೊ: 85 × 419 = 35.6 ಕಿಲೊವಾಟ್, ಅಂದರೆ 48 ಪಿಎಸ್. ಬೀಟ್‌ಗೆ ಅದರ ಗರಿಷ್ಠ ಟಾರ್ಕನ್ನೇ ಇಲ್ಲೂ ಕೊಟ್ಟುಬಿಟ್ಟರೂ 60 × 419 = 25 ಕಿಲೊವಾಟ್, 34 ಪಿಎಸ್. ಕೆ6ಎ ಇನ್ನೂ ಮುಂದೆ: 103 ನ್ಯೂಟನ್ ಮೀಟರ್, ಅದೂ 3,500ರಲ್ಲೇ. ಮಿತಿ ಇದ್ದದ್ದು ಶಕ್ತಿಗೆ, ಟಾರ್ಕ್‌ಗಲ್ಲ. ಟರ್ಬೊ ಆ ಸಂದಿಯಲ್ಲೇ ನುಸುಳಿತು.

ಸಿಲಿಂಡರಿನೊಳಗೆ ಏನಾಗುತ್ತಿದೆ ಎಂದು ತಿಳಿಯಲು ಸರಾಸರಿ ಪರಿಣಾಮಕಾರಿ ಒತ್ತಡ ಲೆಕ್ಕ ಹಾಕಿ: 4 × ಪೈ × ಟಾರ್ಕ್ ÷ ಎಂಜಿನ್ ಗಾತ್ರ. ಇಲ್ಲಿ 2 ಪೈ ಹಾಕಿ ಅರ್ಧ ಉತ್ತರ ಪಡೆಯುವುದು ಮಾಮೂಲಿ ತಪ್ಪು. ನಾಲ್ಕು ಸ್ಟ್ರೋಕ್ ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು, ಒಂದು ಸುತ್ತಿಗೆ 2 ಪೈ, ಆದ್ದರಿಂದ 4 ಪೈ. ಗಾತ್ರವನ್ನು ಘನ ಮೀಟರಿಗೆ ತನ್ನಿ (657 ಸಿಸಿ = 0.000657). ಎಫ್6ಎಗೆ 16.3 ಬಾರ್, ಬೀಟ್‌ಗೆ 11.5, ಕೆ6ಎಗೆ 19.7.

ಬೂಸ್ಟ್ 0.8 ಅಂದರೆ ಗಾಳಿ ಶೇ 80 ಹೆಚ್ಚಲ್ಲ

ನಿಧಾನವಾಗಿ ಹೋಗಬೇಕಾದದ್ದು ಇಲ್ಲಿ. ಕೆಳಗಿನ ಅಂಕಿಗಳು ಲೆಕ್ಕಕ್ಕೆ ಆರಿಸಿಕೊಂಡವು, ಕಂಪನಿಯ ಸೆಟ್ಟಿಂಗ್ ಅಲ್ಲ.

ಬೂಸ್ಟ್ ಅಂದರೆ ಟರ್ಬೊ ಕೂಡಿಸುವ ಒತ್ತಡ; ಮೀಟರಿನ 0.8 ಬಾರ್ ತೋರಿಸುವುದು ಅದು ಹೊರಗಿನ ಗಾಳಿಗಿಂತ ಎಷ್ಟು ಮೇಲೆ ಎಂಬುದನ್ನು. ಹೊರಗೆ 1 ಬಾರ್ ಇದ್ದರೆ ಒಳಗೆ ನಿಜವಾಗಿ 1.8 ಬಾರ್, ಒತ್ತಡದ ಅನುಪಾತ 1.8. ಇಷ್ಟಕ್ಕೇ ನಿಲ್ಲಿಸಿದರೆ ಗಾಳಿ 1.8 ಪಟ್ಟು ಎಂದು ಬರೆದುಬಿಡುತ್ತೇವೆ. ಆದರೆ ಎಂಜಿನ್‌ಗೆ ಬೇಕಾದ್ದು ಒತ್ತಡವಲ್ಲ, ಗಾಳಿಯ ತೂಕ. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಹಿಗ್ಗುತ್ತದೆ, ಅದೇ ಜಾಗದಲ್ಲಿ ಕಡಿಮೆ ತೂಕ ಹಿಡಿಯುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದು ಇದೇ ಕಾರಣಕ್ಕೆ.

ಹೊರಗಿನ ಉಷ್ಣತೆ 300 ಕೆಲ್ವಿನ್, ಅಂದರೆ 27 ಡಿಗ್ರಿ. ಮೊದಲು 1.8ರ 0.286ನೇ ಘಾತ (0.286 ಗಾಳಿಗೆ ಬಳಸುವ ಘಾತಾಂಕ): 1.183. ಅದರಿಂದ 1 ಕಳೆದು 300ರಿಂದ ಗುಣಿಸಿದರೆ 55. ಇದು ದೋಷವೇ ಇಲ್ಲದ ಕಂಪ್ರೆಸರಿನಲ್ಲಿ ಆಗುವ ಏರಿಕೆ. ಕಂಪ್ರೆಸರಿನ ದಕ್ಷತೆ ಶೇ 70 ಎಂದಿಟ್ಟುಕೊಂಡರೆ 55ನ್ನು 0.7ರಿಂದ ಭಾಗಿಸಬೇಕು, ಗುಣಿಸಬಾರದು. ದಕ್ಷತೆ ಅಂದ ಕೂಡಲೇ ಗುಣಿಸಲು ಕೈ ಓಡುತ್ತದೆ. ಗುಣಿಸಿದರೆ ಕೆಟ್ಟ ಕಂಪ್ರೆಸರ್ ಗಾಳಿಯನ್ನು ಕಡಿಮೆ ಕಾಯಿಸಿದಂತಾಗುತ್ತದೆ. ವ್ಯರ್ಥವಾದ ಕೆಲಸವೆಲ್ಲ ಗಾಳಿಯ ಬಿಸಿಯಾಗಿಯೇ ಸೇರುತ್ತದೆ, ಹಾಗಾಗಿ ಏರಿಕೆ ಹೆಚ್ಚಬೇಕು: 78 ಡಿಗ್ರಿ. ಕಂಪ್ರೆಸರ್ ಬಿಟ್ಟ ಗಾಳಿ 378 ಕೆಲ್ವಿನ್, 105 ಡಿಗ್ರಿ!

ಸಾಂದ್ರತೆಯ ಅನುಪಾತ = 1.8 × 300 ÷ 378 = 1.43. ಶೇ 80 ಅಂದುಕೊಂಡದ್ದು ಶೇ 43ಕ್ಕೆ ಇಳಿಯಿತು. ಇಂಟರ್‌ಕೂಲರ್ ಏರಿದ 78ರಲ್ಲಿ ಶೇ 60 ತೆಗೆದರೆ ಗಾಳಿ 331 ಕೆಲ್ವಿನ್. ಅದರ ಕೊಳವೆಗಳಲ್ಲಿ 0.05 ಬಾರ್ ಕಳೆದುಹೋಯಿತು ಎಂದರೆ 1.75 × 300 ÷ 331 = 1.59. ಒತ್ತಡ ಇಳಿದರೂ ಗಾಳಿ ಹೆಚ್ಚಿತು. ತಣ್ಣನೆಯ ಗಾಳಿಯಿಂದ ನಾಕಿಂಗ್ (ಇಂಧನ ತಾನಾಗಿಯೇ ಸಿಡಿದು ಎಂಜಿನ್ ಬಡಿಯುವುದು) ಕೂಡ ದೂರವಾಗುತ್ತದೆ, ಇದು ಎರಡನೇ ಲಾಭ.

ಎತ್ತರದ ಊರಲ್ಲಿ? ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಟರ್ಬೊ ತಪ್ಪಿಸಿ ಹೊರಬಿಡುವ ಬಾಗಿಲೇ ವೇಸ್ಟ್‌ಗೇಟ್, ಅದನ್ನು ತೆರೆಯುವುದು ಆಕ್ಚುಯೇಟರ್. ವೇಸ್ಟ್‌ಗೇಟ್ ಆಕ್ಚುಯೇಟರಿನ ಡಯಾಫ್ರಾಮಿಗೆ ಒಂದು ಬದಿಯಲ್ಲಿ ಬೂಸ್ಟ್, ಇನ್ನೊಂದು ಬದಿಯಲ್ಲಿ ಸ್ಪ್ರಿಂಗ್ ಮತ್ತು ಹೊರಗಿನ ಗಾಳಿ. ಹಾಗಾಗಿ ಸಾದಾ ಸ್ಪ್ರಿಂಗ್ ಆಕ್ಚುಯೇಟರ್ ಎಲ್ಲೇ ಹೋದರೂ 0.8ಕ್ಕೇ ತೆರೆಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ಒತ್ತಡ 0.91 ಬಾರ್ ಆಸುಪಾಸು. ಒಳಗೆ 1.71, ಅನುಪಾತ 1.88. ಸಿಗುವ ಗಾಳಿ ಮಂಗಳೂರಿಗಿಂತ ಕಡಿಮೆ, ಕಂಪ್ರೆಸರಿಗೆ ದುಡಿಮೆ ಮಾತ್ರ ಜಾಸ್ತಿ.

ಇದೇ ಚಿತ್ರದಿಂದ ಒಂದು ಕೆಟ್ಟ ದೋಷವೂ ಅರ್ಥವಾಗುತ್ತದೆ. ಇಂಟರ್‌ಕೂಲರಿನ ದೊಡ್ಡ ಹೋಸ್ ಸೀಳಿದರೆ ಬೂಸ್ಟ್ ಇಳಿಯುತ್ತದೆ, ಬುಸ್ಸೆಂಬ ಸದ್ದು ಕೇಳುತ್ತದೆ. ಆಕ್ಚುಯೇಟರಿನ ಬೆರಳುಗಾತ್ರಕ್ಕಿಂತ ಸಣ್ಣ ಹೋಸ್ ಸೀಳಿದರೆ ಬೂಸ್ಟ್ ಏರುತ್ತದೆ. ಡಯಾಫ್ರಾಮಿಗೆ ಒತ್ತಡವೇ ತಲುಪದೆ ವೇಸ್ಟ್‌ಗೇಟ್ ಮುಚ್ಚಿಯೇ ಇರುತ್ತದೆ. ರಕ್ಷಣೆಗೆಂದು ಇಂಧನ ಕಡಿಯುವ ಎಂಜಿನ್ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗಕ್ಕನೆ ಜಗ್ಗುತ್ತದೆ. ಪೆಟ್ರೋಲ್ ಪಂಪ್ ಬದಲಿಸುವ ಮೊದಲು ಆ ಹೋಸನ್ನು ಬಗ್ಗಿಸಿ, ಬಿರುಕು ನೋಡಿ.

ಟರ್ಬೊದ ಆರೈಕೆ ಚುಟುಕಾಗಿ: ಎಣ್ಣೆ 5,000 ಕಿಮೀಗೆ ಬದಲಿಸಿ. ಜೋರಾಗಿ ಓಡಿಸಿದ ಮೇಲೆ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಫ್ ಮಾಡಿ. ಇಲ್ಲದಿದ್ದರೆ ನಿಂತ ಎಣ್ಣೆ ಬೇರಿಂಗ್‌ನಲ್ಲಿ ಸುಟ್ಟು ಕರಿ ಕಟ್ಟುತ್ತದೆ.

ಛಾವಣಿ

ಮೇಲ್ಭಾಗ ಮೂರು ತುಂಡು: ಎಡ ಹಲಗೆ, ಬಲ ಹಲಗೆ, ನಡುವಿನ ಪಟ್ಟಿ. ಬಾನೆಟ್ಟಿನಂತೆ ಹಲಗೆಗಳೂ ಅಲ್ಯೂಮಿನಿಯಂ. ಮೊದಲು ಪಕ್ಕದ ಎರಡು, ಆಮೇಲೆ ನಡುಪಟ್ಟಿ, ಕೊನೆಗೆ ಹಿಂದಿನ ಗಾಜನ್ನು ಅದರ ಕಂಬಗಳ ಸಮೇತ ಸೀಟಿನ ಹಿಂದಕ್ಕೆ ಇಳಿಸುವುದು. ಬಿಚ್ಚಿದ ತುಂಡುಗಳು ಡಿಕ್ಕಿಯೊಳಗೆ ಹೋಗುತ್ತವೆ, ಮತ್ತೆ ಅಲ್ಲಿ ಬೇರೆ ಸಾಮಾನಿಗೆ ಜಾಗ ಅಷ್ಟಕ್ಕಷ್ಟೆ. ಸಂದುಗಳು ಹೆಚ್ಚಾದಷ್ಟು ರಬ್ಬರ್ ಬೀಡಿಂಗ್ ಹೆಚ್ಚು, ನೀರು ಹರಿದುಹೋಗುವ ದಾರಿಗಳನ್ನು ಕಸ ಕಟ್ಟದಂತೆ ತೆರೆದಿಡಿ.

ಛಾವಣಿ ಇಲ್ಲದ ಮೈ ತಿರುಚದಿರುವುದು ಹೇಗೆ

ಒಂದು ಚೌಕ ಕೊಳವೆ: ಬದಿ 100 ಮಿಮೀ, ತಗಡು 1 ಮಿಮೀ. ತಿರುಚಿಗೆ ಅದರ ಪ್ರತಿರೋಧ 4 × (ಒಳಗೊಂಡ ಕ್ಷೇತ್ರಫಲ)² × ದಪ್ಪ ÷ ಸುತ್ತಳತೆ = 10 ಲಕ್ಷ. ಈಗ ಅದನ್ನು ಉದ್ದಕ್ಕೆ ಒಂದು ಗೆರೆಯಲ್ಲಿ ಸೀಳಿ. ತಗಡು ಅಷ್ಟೇ, ತೂಕ ಅಷ್ಟೇ. ಆದರೆ ಸೂತ್ರ ಬೇರೆ: ಸುತ್ತಳತೆ × ದಪ್ಪದ ಘನ ÷ 3 = 133. ಸುಮಾರು 7,500 ಪಟ್ಟು ಕುಸಿತ.

ಛಾವಣಿ ತೆಗೆದ ಕಾರಿನಲ್ಲಿ ಉಳಿಯುವ ಮುಚ್ಚಿದ ಕೊಳವೆಗಳು ಬಾಗಿಲ ಕೆಳಗಿನ ಎರಡು ಸಿಲ್‌ಗಳು. ಪ್ರೊಪೆಲ್ಲರ್ ಶಾಫ್ಟ್ ಹಾಯುವ ನಡುವಿನ ಎತ್ತರದ ಸುರಂಗವೂ ಅವಕ್ಕೆ ಆಸರೆ. ಆದ್ದರಿಂದಲೇ ಈ ಕಾರಿನ ಸಿಲ್ ತುಕ್ಕು ಬರೀ ಅಂದದ ಪ್ರಶ್ನೆಯಲ್ಲ. ಕೆಳಗಿನ ಜೋಡಣೆ ತಿಂದುಹೋದರೆ ಸಿಲ್ ಸೀಳಿದ ಕೊಳವೆಯಾಯಿತು. ಮೇಲಿಂದ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಕಣ್ಣಿಗೆ ಮುಚ್ಚಿದಂತೆ ಕಾಣುತ್ತದೆ, ಬಲಕ್ಕೆ ಅದು ತೆರೆದೇ ಇದೆ.

ಪರೀಕ್ಷೆ: ಬಾಗಿಲ ಅಂಚಿನ ಸಂದನ್ನು ಮೂರು ಕಡೆ ಅಳೆದು ಬರೆದುಕೊಳ್ಳಿ. ಒಂದು ಮೂಲೆಯ ಜಾಕ್ ಪಾಯಿಂಟಿನಲ್ಲಿ ಎತ್ತಿ ಮತ್ತೆ ಅಳೆಯಿರಿ. ಸಂದು ಎದ್ದು ಕಾಣುವಷ್ಟು ಬದಲಾದರೆ ಅಥವಾ ಬಾಗಿಲು ಸಿಕ್ಕಿಕೊಂಡರೆ ಒಳಗಿನ ಪದರವೂ ಹೋಗಿದೆ ಎಂದು ಅನುಮಾನಿಸಿ.

ರಿಪೇರಿಯಲ್ಲಿ ಕ್ರಮ ಮುಖ್ಯ. ಕಾರನ್ನು ಸಮತಟ್ಟಾಗಿ, ಅದರ ಚಕ್ರಗಳ ಮೇಲೆಯೇ ನಿಲ್ಲಿಸಿ. ಬಾಗಿಲ ತೆರಪಿನ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಅಡ್ಡಪಟ್ಟಿ ಬಿಗಿದ ನಂತರವೇ ಕತ್ತರಿಸಿ; ಅಡ್ಡಪಟ್ಟಿ ಇಲ್ಲದೆ ಕತ್ತರಿಸಿದರೆ ನಡು ಬಗ್ಗಿ, ಆ ಬಾಗಿನಲ್ಲೇ ಹೊಸ ತಗಡು ವೆಲ್ಡ್ ಆಗುತ್ತದೆ, ಮತ್ತೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಹೊಳೆಯುವ ಲೋಹ ಸಿಗುವವರೆಗೂ ತುಕ್ಕು ಕತ್ತರಿಸಿ, ಒಳಪದರ ಮೊದಲು, ಹೊರಪದರ ಆಮೇಲೆ. ಜೋಡಣೆಯ ಉದ್ದಕ್ಕೂ ಕಂಪನಿಯ ಸ್ಪಾಟ್ ವೆಲ್ಡ್‌ಗಳು ಇದ್ದ ಅಂತರದಲ್ಲೇ ಪ್ಲಗ್ ವೆಲ್ಡ್ ಹಾಕಿ. ಆಮೇಲೆ ಸೀಮ್ ಸೀಲರ್, ಒಳಗೆ ಮೇಣದ ಸ್ಪ್ರೇ. ಸಿಲ್‌ನ ತಳದಲ್ಲಿರುವ ನೀರಿನ ತೂತುಗಳು ಇಷ್ಟರಲ್ಲಿ ಮುಚ್ಚಿಹೋಗಿರುತ್ತವೆ. ಒಂದೊಂದಾಗಿ ತಂತಿ ತೂರಿಸಿ ಬಿಡಿಸಿಕೊಳ್ಳಿ.