18ನೇ ವರ್ಣತಂತುವಿನ ತುಂಡು ಮತ್ತು ಕರುಳಿನ ಕ್ಯಾನ್ಸರ್‌ನ ಮುನ್ಸೂಚನೆ

ಕರುಳಿನ ಕ್ಯಾನ್ಸರ್‌ನಲ್ಲಿ ತೀರ್ಮಾನ ಕಷ್ಟವಾಗುವುದು ಎರಡನೇ ಹಂತದಲ್ಲಿ. ಗಡ್ಡೆ ಸ್ನಾಯುಪದರ ದಾಟಿರುತ್ತದೆ, ದುಗ್ಧಗ್ರಂಥಿಗಳಿಗೆ ಹರಡಿರುವುದಿಲ್ಲ. ಹೆಚ್ಚಿನವರು ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತಾರೆ. ರೋಗ ಮರಳುವವರನ್ನು ಮೊದಲೇ ಗುರುತಿಸಿದರೆ ಕಿಮೊಥೆರಪಿ ಅವರಿಗಷ್ಟೇ ಕೊಡಬಹುದು.

1988ರಲ್ಲಿ ಅಮೆರಿಕದ ಕ್ಯಾನ್ಸರ್ ವಿಜ್ಞಾನಿ ಬರ್ಟ್ ವೋಗೆಲ್‌ಸ್ಟೈನ್ ತಂಡ, ಗಡ್ಡೆ ಬೆಳೆದಂತೆ 5, 17 ಮತ್ತು 18ನೇ ವರ್ಣತಂತುಗಳ ಭಾಗಗಳು ಕಳೆದುಹೋಗುವುದನ್ನು ತೋರಿಸಿತು. 1994ರ ಅಧ್ಯಯನವೊಂದು ಆಸೆ ಹುಟ್ಟಿಸಿತು: ಎರಡನೇ ಹಂತದಲ್ಲಿ 18ನೇ ವರ್ಣತಂತುವಿನ ಉದ್ದ ತೋಳು (ಎರಡು ಭಾಗಗಳಲ್ಲಿ ಉದ್ದನೆಯದು) ಗಡ್ಡೆಯಲ್ಲಿ ಉಳಿದಿದ್ದವರಲ್ಲಿ ಐದು ವರ್ಷ ಬದುಕಿದವರು ಶೇ 93, ಕಳೆದುಕೊಂಡವರಲ್ಲಿ ಶೇ 54. ಅಪರಾಧಿ ಜೀನ್ ಎಂದು ಮೊದಲು ಡಿಸಿಸಿ, 1996ರ ನಂತರ ಸ್ಮ್ಯಾಡ್4 ಅನುಮಾನಕ್ಕೊಳಗಾದವು.

ಆದರೆ ಈ ನಷ್ಟವನ್ನು ಅಳೆಯುವುದೇ ಕಷ್ಟ. ಒಬ್ಬರದೇ ಗಡ್ಡೆ ಮತ್ತು ಆರೋಗ್ಯವಂತ ಅಂಗಾಂಶದ ಡಿಎನ್‌ಎಯಲ್ಲಿ ಗುರುತುಗಳಾಗಿ ಆರಿಸಿದ ತುಣುಕುಗಳನ್ನು ಪಿಸಿಆರ್‌ನಲ್ಲಿ (ಡಿಎನ್‌ಎ ತುಣುಕನ್ನು ಹಲವು ಪಟ್ಟು ವರ್ಧಿಸುವ ವಿಧಾನ) ಹೋಲಿಸಬೇಕು. ತಂದೆ–ತಾಯಿಯಿಂದ ಬಂದ ಎರಡು ಪ್ರತಿಗಳ ಉದ್ದ ಬೇರೆಯಾಗಿದ್ದರೆ ಮಾತ್ರ ಒಂದು ಗುರುತು ಕೆಲಸಕ್ಕೆ ಬರುತ್ತದೆ. ಮಾದರಿಯಲ್ಲಿ ಗಡ್ಡೆಯದಲ್ಲದ ಕೋಶಗಳು ಹೆಚ್ಚಿದ್ದರೆ ನಷ್ಟ ಮರೆಯಾಗುತ್ತದೆ. ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಡಿಎನ್‌ಎ ಚೂರಾಗಿದ್ದರೆ ಉದ್ದದ ಪ್ರತಿ ವರ್ಧಿಸದೆ, ಇಲ್ಲದ ನಷ್ಟ ಕಾಣಿಸುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಕಡೆ ಅಡಗಿತ್ತು. ಡಿಎನ್‌ಎ ನಕಲಿನ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟ ಗಡ್ಡೆಗಳಲ್ಲಿ, ಅಂದರೆ ಮೈಕ್ರೋಸ್ಯಾಟಲೈಟ್ ಅಸ್ಥಿರತೆ ಇರುವವುಗಳಲ್ಲಿ, 18ರ ನಷ್ಟ ವಿರಳ. ಮೊದಲ ಹಂತಗಳಲ್ಲಿ ಅವುಗಳ ಫಲಿತಾಂಶವೂ ಉತ್ತಮ. ಹಾಗಾಗಿ ‘ನಷ್ಟವಿಲ್ಲದ’ ಗುಂಪಿಗೆ ಒಳ್ಳೆಯ ಹೆಸರು ತಂದದ್ದರಲ್ಲಿ ಇವುಗಳ ಪಾಲು ದೊಡ್ಡದು. 2009ರಲ್ಲಿ ಇಂಥ ಗಡ್ಡೆಗಳನ್ನು ಬದಿಗಿಟ್ಟು ಲೆಕ್ಕ ಹಾಕಿದ ಅಧ್ಯಯನವೊಂದರಲ್ಲಿ 18ರ ನಷ್ಟಕ್ಕೂ ಬದುಕುಳಿಯುವಿಕೆಗೂ ನಂಟು ಸಿಗಲಿಲ್ಲ. ಅಷ್ಟರಲ್ಲಿ ಇದೇ ಗುರುತನ್ನು ನೆಚ್ಚಿ ಅಮೆರಿಕದಲ್ಲಿ ಇ5202 ಎಂಬ ದೊಡ್ಡ ಪ್ರಯೋಗ ಶುರುವಾಗಿತ್ತು. ಸ್ವಲ್ಪ ಅವಸರವೇ ಆಯಿತು.

ದಿನನಿತ್ಯದ ಪರೀಕ್ಷೆಯಾಗಿ ಉಳಿದದ್ದು ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ, ನಕಲಿನ ತಪ್ಪು ತಿದ್ದುವ ಪ್ರೋಟೀನ್‌ಗಳು ಗಡ್ಡೆಯಲ್ಲಿವೆಯೇ ಎಂದು ಬಣ್ಣ ಹಾಕಿ ನೋಡುವುದು. ಪಕ್ಕದ ಸಾಮಾನ್ಯ ಕೋಶಗಳ ಕೋಶಕೇಂದ್ರಕ್ಕೂ ಬಣ್ಣ ಹತ್ತದಿದ್ದರೆ ಪರೀಕ್ಷೆಯೇ ಕೆಟ್ಟಿದೆ ಎಂದರ್ಥ, ಪ್ರೋಟೀನ್ ನಷ್ಟವೆಂದು ಬರೆಯುವಂತಿಲ್ಲ. ಎರಡನೇ ಹಂತದಲ್ಲಿ ಪ್ರೋಟೀನ್ ನಷ್ಟ ಖಚಿತವಾದರೆ ಕಿಮೊಥೆರಪಿ ಔಷಧಿ ಫ್ಲೋರೋಯುರಾಸಿಲ್ ಒಂದನ್ನೇ ಕೊಡುವುದರಿಂದ ಲಾಭ ಕಾಣದ ಕಾರಣ ಅದನ್ನು ಸಾಮಾನ್ಯವಾಗಿ ಬಿಡುತ್ತಾರೆ. ಎಂಎಲ್‌ಎಚ್1 ಇಲ್ಲದಿದ್ದರೆ ಬಿರಾಫ್ ಎಂಬ ಜೀನ್‌ನಲ್ಲಿ ವಿ600ಇ ರೂಪಾಂತರ ಹುಡುಕಬೇಕು. ಅದು ಸಿಕ್ಕರೆ ವಂಶಪಾರಂಪರ್ಯವಾಗಿ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಲಿಂಚ್ ಸಿಂಡ್ರೋಮ್ ಸಾಧ್ಯತೆ ತೀರಾ ಕಡಿಮೆ, ಸಿಗದಿದ್ದರೆ ಆ ದಿಕ್ಕಿನಲ್ಲಿ ಪರೀಕ್ಷೆ ಮುಂದುವರಿಸಬೇಕು.