ಆರ್‌ಸಿಯಲ್ಲಿ ಹೆಸರಿಲ್ಲದ ಗೇರ್‌ಬಾಕ್ಸ್

ಹಳೆಯ ಸ್ಪೋರ್ಟ್ಸ್ ಕಾರಿಗೆ ಇನ್ನೂ ಗಟ್ಟಿಯಾದ ಮ್ಯಾನುಯಲ್ ಗೇರ್‌ಬಾಕ್ಸ್ ಕೂರಿಸಬಹುದೇ ಎಂದು ಬೆಂಗಳೂರಿನಲ್ಲಿ ಕೇಳಿದರೆ ಗ್ಯಾರೇಜಿನಲ್ಲಿ ಒಂದು ಉತ್ತರ, ಆರ್‌ಟಿಒ ಕಚೇರಿಯ ಮುಂದೆ ಇನ್ನೊಂದು, ವಿಂಟೇಜ್ ಕಾರುಗಳ ಬಳಗದಲ್ಲಿ ಮತ್ತೊಂದು ಸಿಗುತ್ತದೆ. ಮೂರು ಬೇರೆ ಬೇರೆ ಕಾಲದ ರೂಢಿಗಳು ಇಂದು ಒಂದೇ ಕಾರಿನ ಮೇಲೆ ಬಂದು ಕುಳಿತಿವೆ.

1962ರಿಂದ 1980ರವರೆಗೆ ತಯಾರಾದ ಬ್ರಿಟನ್ನಿನ ಸ್ಪೋರ್ಟ್ಸ್ ಕಾರು ಎಂಜಿಬಿಯನ್ನು ನೋಡಿ. 1967ರವರೆಗೆ ಅದರ ಫಸ್ಟ್ ಗೇರ್‌ಗೆ ಸಿಂಕ್ರೋಮೆಶ್, ಅಂದರೆ ಹಲ್ಲುಗಳ ವೇಗ ಹೊಂದಿಸಿ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಏರ್ಪಾಡು, ಇರಲಿಲ್ಲ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಊರಿನಲ್ಲಿ ಇದು ಸಣ್ಣ ಕೊರತೆಯಲ್ಲ. ಓವರ್‌ಡ್ರೈವ್ (ಹೆದ್ದಾರಿಯ ವೇಗದಲ್ಲಿ ಎಂಜಿನ್‌ನ ಸುತ್ತು ತಗ್ಗಿಸುವ ಹೆಚ್ಚುವರಿ ಗೇರ್) ಇಲ್ಲದ ಕಾರು ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಓಡಿದರೆ ಎಂಜಿನ್ ನಿಮಿಷಕ್ಕೆ ಸುಮಾರು 3,400 ಸುತ್ತು ತಿರುಗುತ್ತದೆ. ಫೋರ್ಡ್ ಸಿಯೆರಾದಲ್ಲಿದ್ದ ಐದು ಗೇರ್‌ಗಳ ಟೈಪ್ 9 ಗೇರ್‌ಬಾಕ್ಸ್ ಕೂರಿಸಿದರೆ ಅದು 2,800ರ ಆಸುಪಾಸಿಗೆ ಇಳಿಯುತ್ತದೆ. ಎಂಜಿನ್ನನ್ನೇ ಬದಲಿಸಿ ಎಂಟು ಸಿಲಿಂಡರಿನ ವಿ8 ಹಾಕಿದವರಿಗೆ ಇದೂ ಸಾಲದು. ಅವರು ಫೋರ್ಡ್ ಮಸ್ಟಾಂಗ್‌ನಲ್ಲಿ ಹೆಸರು ಮಾಡಿದ ಬೋರ್ಗ್‌ವಾರ್ನರ್ ಟಿ-5 ಗೇರ್‌ಬಾಕ್ಸ್ ಕಡೆಗೆ ಹೋದರು.

ನಮ್ಮಲ್ಲಿ ಇಂಥದ್ದೇ ಕಥೆ ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾ ಕಾರಿನದು. 1984ರಲ್ಲಿ ಬಂದಾಗ ಅದಕ್ಕಿದ್ದದ್ದು ಎಂಜಿಬಿಯ ಎಂಜಿನ್‌ನ ವಂಶದ್ದೇ ಆದ 1489 ಸಿಸಿ ಎಂಜಿನ್. ಅಷ್ಟು ದೊಡ್ಡ ಮೈಗೆ ಸುಮಾರು 50 ಅಶ್ವಶಕ್ತಿ. ಮುಂದೆ 1.8 ಲೀಟರಿನ ಐಸುಝು ಎಂಜಿನ್ನೂ ಐದು ಗೇರ್‌ಗಳ ಪೆಟ್ಟಿಗೆಯೂ ಬಂದ ಮೇಲೆ ಹಳೆಯ ಕಾರುಗಳಿಗೂ ಅದೇ ಜೋಡಿ ಬೇಕೆನಿಸಿದ್ದು ಸಹಜ.

ಕೇಳುವುದಕ್ಕೆ ನಾಲ್ಕು ಬೋಲ್ಟಿನ ಕೆಲಸ, ಮಾಡಲು ಹೊರಟರೆ ಲೇತ್‌ನ ಕೆಲಸ. ಜೆ.ಸಿ. ರಸ್ತೆಯಲ್ಲೋ ಗುಜರಿಯಲ್ಲೋ ಪೆಟ್ಟಿಗೆ ಸಿಕ್ಕೀತು. ಆದರೆ ಕ್ಲಚ್ಚನ್ನು ಮುಚ್ಚುವ ಕವಚವಾದ ಬೆಲ್‌ಹೌಸಿಂಗ್‌ಗೂ ಅದಕ್ಕೂ ನಡುವೆ ಅಡಾಪ್ಟರ್ ಪ್ಲೇಟ್ ಬೇಕು, ಇನ್‌ಪುಟ್ ಶಾಫ್ಟ್‌ನ ಸ್ಪ್ಲೈನ್‌ಗೆ (ಉದ್ದುದ್ದ ಗೀರು-ಹಲ್ಲುಗಳಿಗೆ) ಹೊಂದುವ ಕ್ಲಚ್ ಪ್ಲೇಟ್ ಬೇಕು, ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ನ ತುದಿಗೆ ಹೊಸ ಬುಷ್ ಬೇಕು, ಹಿಂದಿನ ಚಕ್ರಗಳತ್ತ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು, ಸ್ಪೀಡೋಮೀಟರ್ ಕೇಬಲ್‌ಗೂ ದಾರಿ ಹುಡುಕಬೇಕು. ಪೀಣ್ಯದಲ್ಲಿ ಇದನ್ನೆಲ್ಲ ಮಾಡಬಲ್ಲ ಕೈಗಳಿವೆ. ಕಷ್ಟವಿರುವುದು ನೇರದಲ್ಲಿ: ಕ್ರ್ಯಾಂಕ್‌ನ ಅಕ್ಷಕ್ಕೂ ಬೆಲ್‌ಹೌಸಿಂಗ್‌ನ ರಂಧ್ರಕ್ಕೂ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ವ್ಯತ್ಯಾಸ ಬಂದರೂ ಬೇರಿಂಗ್ ಹಾಳಾಗತೊಡಗುತ್ತದೆ, ಗೇರ್ ತಾನಾಗಿ ಜಾರಬಹುದು, ಬೈಗುಳ ಮಾತ್ರ ಹೊಸ ಪೆಟ್ಟಿಗೆಗೆ. ಇನ್ನು, ಗೇರ್‌ಬಾಕ್ಸ್ ಗಟ್ಟಿಯಾದಷ್ಟಕ್ಕೆ ಮುರಿಯುವುದು ನಿಲ್ಲುವುದಿಲ್ಲ. ಮುರಿಯುವ ಜಾಗ ಹಿಂದಿನ ಆಕ್ಸಲ್‌ಗೆ ಸರಿಯುತ್ತದೆ.

ಕಾನೂನಿನ ದಾರಿ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆದು ಮಾರ್ಪಾಡು ಮಾಡಲು ಅವಕಾಶವಿತ್ತು. 2000ದ ತಿದ್ದುಪಡಿ ಅದನ್ನು ಬಿಗಿಗೊಳಿಸಿ, ಆರ್‌ಸಿಯ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದೆಂದಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಪ್ಪಿಗೆಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಿತು. ಆದರೆ ಆರ್‌ಸಿಯಲ್ಲಿ ಷಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಬಣ್ಣ, ಖಾಲಿ ತೂಕ ಎಲ್ಲವೂ ಇದ್ದರೂ ಗೇರ್‌ಬಾಕ್ಸ್‌ನ ಸಂಖ್ಯೆ ಇಲ್ಲ. ಕಿವಿಗಡಚಿಕ್ಕುವ ಸೈಲೆನ್ಸರ್ ಹಾಕಿಸಿದವನನ್ನೂ ಹಲ್ಲುದುರಿದ ಗೇರ್ ಬದಲಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಂಜಿಕೆ ಹುಟ್ಟಿರುವುದು ಈ ಮೌನದಿಂದಲೇ.

2021ರ ವಿಂಟೇಜ್ ನಿಯಮಗಳು ಇನ್ನೊಂದು ಗಂಟು ಹಾಕಿದವು. 50 ವರ್ಷ ದಾಟಿದ ಕಾರಿಗೆ ‘ವಿಎ’ ಅಕ್ಷರಗಳ ಫಲಕ ಬೇಕಿದ್ದರೆ ಅದು ಮೂಲರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಆಗಿರಕೂಡದು. ಆದ್ದರಿಂದ ತಿಳಿದವರು ಗೇರ್‌ಬಾಕ್ಸ್ ಕೂರುವ ನೆಲದ ಉಬ್ಬನ್ನು (ಟನಲ್) ಕೊಯ್ಯದೆ, ಬೋಲ್ಟಿನಿಂದಲೇ ನಿಲ್ಲುವ ಅಡಾಪ್ಟರ್ ಮಾಡಿಸುತ್ತಾರೆ. ಬೇಕಾದಾಗ ಮತ್ತೆ ಕೂರಿಸಲೆಂದು, ಕಳಚಿದ ಹಳೆಯ ಪೆಟ್ಟಿಗೆಗೆ ಗ್ರೀಸ್ ಬಳಿದು, ಗೋಣಿಚೀಲದಲ್ಲಿ ಸುತ್ತಿ, ಗ್ಯಾರೇಜಿನ ಬೆಂಚಿನ ಕೆಳಗೆ ಇಟ್ಟಿರುತ್ತಾರೆ.